ಒಲೆಗೊಂದು ಚೀಲ

ರಜನಿಯ ಬಲಗೈಯ ಎರಡು ಬೆರಳುಗಳಲ್ಲಿ ಬೆಳಗಿನಿಂದ ಒಂದು ತಣುಪು ಕೂತುಬಿಟ್ಟಿತ್ತು. ಬಿಸಿನೀರಿನಲ್ಲಿ ಸ್ನಾನ ಮಾಡಿದಳು, ಕಾಫಿ ಲೋಟವನ್ನು ಬಟ್ಟೆ ಹಿಡಿಯದೆ ಬರಿಗೈಯಲ್ಲಿ ಎತ್ತಿದಳು, ಡಬ್ಬಿಗೆ ಚಿತ್ರಾನ್ನ ತುಂಬುವಾಗ ಬಾಣಲೆಯ ಅಂಚನ್ನು ಬೇಕೆಂದೇ ಮುಟ್ಟಿ ಚುರುಕ್ಕೆನ್ನಿಸಿಕೊಂಡಳು. ತಣುಪು ಹೋಗಲಿಲ್ಲ. ಈಗ ನೆರವು ಹಂಚುವ ಸಂಸ್ಥೆಯ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಆ ಬೆರಳುಗಳನ್ನು ಎಡ ಅಂಗೈಯೊಳಗೆ ಮುಚ್ಚಿಟ್ಟುಕೊಂಡಿದ್ದಳು. ಕೋಲಾರ ಬಿಟ್ಟು ಅರ್ಧ ಗಂಟೆಯಾಗಿತ್ತು. ಎದುರಿನಿಂದ ಟೊಮೆಟೊ ಕ್ರೇಟು ಹೊತ್ತ ಗಾಡಿಗಳು ಮಾರ್ಕೆಟ್ಟಿಗೆ ತಡವಾಯಿತೆಂದು ಹಾರ್ನು ಒತ್ತುತ್ತಾ ಬರುತ್ತಿದ್ದವು. ಮುಂದೆ ಟಾರ್ಪಾಲು ಹೊದ್ದ ಅವರ ಲಾರಿ ಹೋಗುತ್ತಿತ್ತು. ಅದರಲ್ಲಿ ಎಂಬತ್ತಾರು ಚೀಲ. ಪ್ರತಿ ಚೀಲದಲ್ಲೂ ಅಕ್ಕಿ, ರಾಗಿಹಿಟ್ಟು, ಬೇಳೆ, ಎಣ್ಣೆ, ಉಪ್ಪು, ಖಾರದಪುಡಿ, ಮೇಲೊಂದು ಕಂಬಳಿ. ಎಂಬತ್ತನಾಲ್ಕು ಚೀಲ ಪಟ್ಟಿಯಲ್ಲಿ ಉಳಿದ ಮನೆಗಳಿಗೆ, ಎರಡು ಚೀಲ ದಾರಿಯಲ್ಲಿ ಹರಿದರೆ ಚೆಲ್ಲಿದರೆ ಇರಲಿ ಎಂದು. ಪಟ್ಟಿ ರಜನಿಯ ತೊಡೆಯ ಮೇಲಿದ್ದ ಫೈಲಿನಲ್ಲಿತ್ತು. ಅದರಲ್ಲಿ ಏಳು ಹೆಸರುಗಳ ಮೇಲೆ ಅವಳೇ ಎಳೆದ ಕೆಂಪು ಗೀಟುಗಳಿದ್ದವು. ಆರು ಗೀಟುಗಳ ಬಗ್ಗೆ ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ಏಳನೆಯದು, ಮುನಿಲಕ್ಷ್ಮಿ ಎಂಬ ಹೆಸರಿನ ಮೇಲಿನದು, ಎರಡು ದಿನದಿಂದ ಅವಳನ್ನು ಕೂರಲು ಬಿಡುತ್ತಿರಲಿಲ್ಲ.

ಹೋದ ಗುರುವಾರ ಕುಂಟೆಪಾಳ್ಯದ ಮೇಲಿನ ಕುಂಟೆ ಎಂಬ ಸಣ್ಣ ಕೆರೆಯ ಕಟ್ಟೆ ಒಡೆದು ನೀರು ತಗ್ಗಿನ ಎರಡು ಬೀದಿಗಳಿಗೆ ನುಗ್ಗಿತ್ತು. ದೇವರಾಯಸಮುದ್ರದಿಂದ ಆಚೆಗೆ, ಬಂಡೆಗುಡ್ಡಗಳ ಮಗ್ಗುಲಿಗೆ ಬಿದ್ದುಕೊಂಡಿರುವ ಆ ಊರಿನವರು ನೀರಿಲ್ಲದ್ದಕ್ಕೆ ಅತ್ತಿದ್ದರೇ ಹೊರತು ನೀರು ಬಂದದ್ದಕ್ಕೆ ಅತ್ತವರಲ್ಲ. ಹೇಗೆ ಅಳಬೇಕೆಂದೂ ತಿಳಿಯದೆ ಒಂದು ದಿನ ಸುಮ್ಮನೆ ನಿಂತುಬಿಟ್ಟಿದ್ದರು. ಯಾರೂ ಸಾಯಲಿಲ್ಲ. ಡ್ರಮ್ಮುಗಳಲ್ಲಿದ್ದ ರಾಗಿ ನೆನೆದು ಹುಳಿವಾಸನೆ ಹೊಡೆಯಿತು. ಸ್ಕೂಲಿನಲ್ಲಿ ಎರಡು ದಿನ ಗಂಜಿ ಕಾಸಿ ಹಾಕಿ ತಾಲ್ಲೂಕಿನವರು ಹೊರಟುಹೋದರು. ಭಾನುವಾರ ರಜನಿ ಸರ್ವೆಗೆ ಬಂದಳು. ರೇಷನ್ ಕಾರ್ಡನ್ನು ಲೆಕ್ಕಕ್ಕೆ ಹಿಡಿದರೆ ಬೇರೆಯಾಗಿ ಹತ್ತು ವರ್ಷವಾದ ಅಣ್ಣತಮ್ಮಂದಿರು ಒಂದೇ ಕಾರ್ಡಿನಲ್ಲಿದ್ದರು. ಬಾಗಿಲನ್ನು ಲೆಕ್ಕಕ್ಕೆ ಹಿಡಿದರೆ ಒಂದೇ ಬಾಗಿಲಿನೊಳಗೆ ಮೂರು ಸಂಸಾರಗಳಿದ್ದವು. ಈ ಕಡೆ ಬೇರೆಯಾಗುವುದೆಂದರೆ ಬೇರೆ ಒಲೆ ಹೂಡುವುದು. ಹಾಗಾಗಿ ಸಂಸ್ಥೆಯ ಮುಖ್ಯಸ್ಥ ಅಮರನಾಥ್ ವರ್ಷಗಳ ಕೆಳಗೇ ಒಂದು ನಿಯಮ ಮಾಡಿದ್ದ: ಒಲೆಗೊಂದು ಚೀಲ. ಸುದ್ದಿ ಊರಿಗೆ ಮೊದಲೇ ಮುಟ್ಟಿ, ರಜನಿ ಬರುವಷ್ಟರಲ್ಲಿ ಹಿತ್ತಿಲಲ್ಲಿ, ಜಗಲಿಯಲ್ಲಿ, ಒಂದು ಕಡೆಯಂತೂ ಕೋಳಿಗೂಡಿನ ಪಕ್ಕದಲ್ಲಿ, ಒಲೆಗಳು ಎದ್ದಿದ್ದವು. ಹಸಿ ಮಣ್ಣು ನೋಡಿ ಹಿಡಿಯೋಣವೆಂದರೆ ನೀರು ಹಳೆಯ ಒಲೆಗಳನ್ನೆಲ್ಲ ಕರಗಿಸಿತ್ತು. ಆ ಬೀದಿಗಳ ಒಲೆಗಳೆಲ್ಲ ಹೊಸವೇ. ಆಗ ಅವಳು ಬೂದಿಯೊಳಗೆ ಬೆರಳಿಟ್ಟಳು. ಬೆಚ್ಚಗಿದ್ದರೆ ನಿಜವಾದ ಒಲೆ, ತಣ್ಣಗಿದ್ದರೆ ಸುಳ್ಳೊಲೆ. ಮೊದಲನೆಯದನ್ನು ಹಿಡಿದಾಗ ಹಿಂದೆ ಬಂದಿದ್ದ ಊರಿನವರೇ ನಕ್ಕರು. ಎರಡನೆಯದನ್ನು ಹಿಡಿದಾಗ ಯಾರೋ, "ಈ ಮೇಡಂ ಬೆರಳಿಟ್ರೆ ಮುಗೀತು" ಅಂದರು. ಆ ಮಾತು ಅವಳಿಗೆ ಖುಷಿ ಕೊಟ್ಟಿತ್ತು. ಇದನ್ನು ಈಗ ಒಪ್ಪಿಕೊಳ್ಳಬೇಕಾಗಿತ್ತು, ಬಹಳ ಖುಷಿ ಕೊಟ್ಟಿತ್ತು. ಹನ್ನೊಂದು ವರ್ಷ ಕೊಡುವ ಕೆಲಸ ಮಾಡಿದವಳಿಗೆ ಹಿಡಿಯುವುದರಲ್ಲಿ ಇಷ್ಟು ರುಚಿಯಿದೆಯೆಂದು ಗೊತ್ತಿರಲಿಲ್ಲ. ಆರನ್ನು ಹಿಡಿದ ಮೇಲೆ ಅವಳ ನಡಿಗೆಯೇ ಬದಲಾಗಿತ್ತು.

ಏಳನೆಯ ಒಲೆ ಚಂದ್ರುವಿನ ಮನೆಯ ಹಿಂದೆ, ದನ ಕಟ್ಟುತ್ತಿದ್ದ ಶೆಡ್ಡನ್ನು ತಗಡಿನಿಂದ ಮರೆಮಾಡಿದ ಒಂದು ಕೋಣೆಯಲ್ಲಿತ್ತು. ಚಂದ್ರು ಕೋಲಾರದ ಟೊಮೆಟೊ ಮಾರ್ಕೆಟ್ಟಿನಲ್ಲಿ ಕ್ರೇಟು ಇಳಿಸುವವನು, ಅವತ್ತು ಊರಲ್ಲಿರಲಿಲ್ಲ. ಶೆಡ್ಡಿನಲ್ಲಿ ಇದ್ದವಳು ಅವನ ತಂಗಿ ಮುನಿಲಕ್ಷ್ಮಿ. ಗಂಡ ಲಕ್ಕೂರಿನವನು, ಬಿಟ್ಟು ಮೂರು ವರ್ಷವಾಗಿತ್ತು, ಅವಳ ಮತ್ತು ಇಬ್ಬರು ಹೆಣ್ಣುಮಕ್ಕಳ ಹೆಸರು ಇನ್ನೂ ಅಲ್ಲಿನ ಕಾರ್ಡಿನಲ್ಲೇ ಇತ್ತು. ರಜನಿ ಬಗ್ಗಿ ಬೂದಿಯೊಳಗೆ ಎರಡು ಬೆರಳಿಟ್ಟಳು. ತಣ್ಣಗಿತ್ತು. "ಊಟ ಎಲ್ಲಿ ಮಾಡೋದಮ್ಮ?" ಎಂದು ಕೇಳಿದಳು. ಮುನಿಲಕ್ಷ್ಮಿ ಬಾಗಿಲಲ್ಲಿ ನಿಂತಿದ್ದ ಊರಿನವರನ್ನು ಒಮ್ಮೆ ನೋಡಿ, "ಅಣ್ಣನ ಮನೇಲೇ ಅಕ್ಕ" ಅಂದಳು. ರಜನಿ ಗೀಟು ಎಳೆದಳು. ಎದ್ದು ಹೊರಡುವಾಗ ಒಲೆಯ ಹಿಂದಿನ ಗೋಡೆಯನ್ನು ಕಂಡಿದ್ದಳು. ನೀರು ನಿಂತ ಗುರುತಿನಿಂದ ಮೇಲಕ್ಕೆ ಸೂರಿನವರೆಗೂ ಗೋಡೆ ಕರ್ರಗಿತ್ತು. ಆ ಮಸಿ ಒಂದು ರಾತ್ರಿಯಲ್ಲಿ ಹಿಡಿಯುವಂಥದ್ದಲ್ಲ, ಎರಡು ಮೂರು ವರ್ಷ ದಿನಾ ಉರಿ ಹಾಕಿದರೆ ಹಿಡಿಯುವಂಥದ್ದು. ಕಂಡಿದ್ದಳು ಅನ್ನುವುದೇ ಈಗಿನ ತೊಂದರೆ. ಕಾಣದೆ ಹೋಗಿದ್ದರೆ ತಪ್ಪು ಅನ್ನಬಹುದಿತ್ತು. ಕಣ್ಣು ಕಂಡದ್ದನ್ನು ಮನಸ್ಸು ಬೇಡವೆಂದಿತ್ತು, ಯಾಕೆಂದರೆ ಹಿಂದೆ ನಿಂತವರು ಆಗಲೇ "ಇದೂ ಹೋಯ್ತು, ಏಳು!" ಎಂದು ಕೂಗಿಯಾಗಿತ್ತು. ಮನೆಗೆ ಹೋಗಿ ಕೈ ತೊಳೆಯುವಾಗ, ಸೋಪಿನ ನೊರೆಯ ನಡುವೆ, ಬೂದಿ ತಣ್ಣಗಿರಲು ಇನ್ನೊಂದು ಕಾರಣವೂ ಇರುತ್ತದೆಂದು ಅವಳಿಗೆ ಹೊಳೆಯಿತು. ಬೇಯಿಸಲು ಏನೂ ಇಲ್ಲದ ಮನೆಯಲ್ಲಿ ಒಲೆ ಹೇಗೆ ಬೆಚ್ಚಗಿರುತ್ತದೆ?

"ಸರ್" ಎಂದಳು. ಅಮರನಾಥ್ ಮುಂದಿನ ಸೀಟಿನಲ್ಲಿ ಫೋನು ನೋಡುತ್ತಿದ್ದ. "ಸರ್ವೆಯಲ್ಲಿ ಒಂದು ಮನೆ ತಪ್ಪಿರಬಹುದು ಅನ್ಸುತ್ತೆ ಸರ್."

"ತಪ್ಪಿದೆಯೋ, ತಪ್ಪಿರಬಹುದೋ?"

ಅವಳು ಹೇಳಿದಳು. ಗೋಡೆಯ ಮಸಿಯನ್ನು ಹೇಳಿದಳು, ತಾನದನ್ನು ನೋಡಿಯೂ ಗೀಟು ಎಳೆದದ್ದನ್ನು ಮಾತ್ರ ನುಂಗಿಕೊಂಡಳು.

"ಆ ಹೆಂಗಸು ದೂರು ಕೊಟ್ಟಿದ್ದಾಳಾ?"

"ಇಲ್ಲ ಸರ್."

"ಅವತ್ತು ಅವಳೇ ಏನಂದಳು?"

"ಅಣ್ಣನ ಮನೇಲಿ ಊಟ ಅಂದಳು."

"ಮತ್ತೆ?" ಅಮರನಾಥ್ ಈಗ ತಿರುಗಿದ. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ರಜನಿಗೆ ಎಷ್ಟೋ ಸಲೀಸಾಗುತ್ತಿತ್ತು. "ಶ್ರೀನಿವಾಸಪುರದ ಕಡೆ ಗುಡಿಸಲು ಸುಟ್ಟುಹೋಗಿದ್ವಲ್ಲ, ಆಗ ನೀವಿನ್ನೂ ಆಫೀಸಲ್ಲಿದ್ರಿ. ಅಲ್ಲಿ ಒಬ್ಬಳು ಮುದುಕಿ ಕಾಲು ಹಿಡ್ಕೊಂಡಳು ಅಂತ ನಿಂತ ಜಾಗದಲ್ಲೇ ಪಟ್ಟಿಗೆ ಒಂದು ಹೆಸರು ಸೇರಿಸಿದೆ. ನಾನೇ, ಈ ಕೈಯಲ್ಲೇ. ಹತ್ತು ನಿಮಿಷಕ್ಕೆ ಲಾರಿ ಮೇಲೆ ಜನ ಹತ್ತಿದ್ರು. ಅವತ್ತು ಖಾಲಿ ಕೈಯಲ್ಲಿ ಹೋದೋರು ಯಾರು ಗೊತ್ತಾ? ನೂಕಕ್ಕೆ ಶಕ್ತಿ ಇಲ್ಲದೋರು. ಆ ಮುದುಕೀನೂ ಅವರಲ್ಲೇ ಒಬ್ಬಳು." ಅವನು ಮುಂದಿನ ಲಾರಿಯ ಕಡೆ ಕೈ ತೋರಿಸಿದ. "ನಾವು ಬರೆಯೋದ್ರಲ್ಲಿ ತಪ್ಪಿದ್ರೆ ಅಲ್ಲೇ ತಿದ್ದಬಹುದು. ಮನೆ ಯಜಮಾನ ಹೇಳಿದ್ದ, ನಾವು ಬರ್ಕೊಳ್ಲಿಲ್ಲ, ಅಂಥದ್ದು. ಅದಕ್ಕೆ ಬರೆದೋರ ಮೇಲೆ ಮೆಮೊ. ಬೇರೆ ಏನಿದ್ರೂ ದೂರು ಬರೆದುಕೊಡಬೇಕು, ಏಳು ದಿನದಲ್ಲಿ ಮತ್ತೆ ಹೋಗಿ ನೋಡ್ತೀವಿ. ನಮಗೆ ಯಾರನ್ನ ಕಂಡ್ರೆ ಪಾಪ ಅನ್ಸುತ್ತೋ ಅವರಿಗೆ ಕೊಡೋದಲ್ಲ ರಜನಿ ನಮ್ಮ ಕೆಲಸ."

ಅವನು ಹೇಳಿದ್ದು ಸರಿಯಾಗಿತ್ತು. ಅದನ್ನೇ ಅವಳೂ ಹೊಸಬರಿಗೆ ಪಾಠ ಹೇಳುತ್ತಿದ್ದಳು, ಹಲಗೆಯ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು: ಜಾತಿ ನೋಡಬೇಡಿ, ಪಕ್ಷ ನೋಡಬೇಡಿ, ಕಣ್ಣೀರು ನೋಡಿ ಕರಗಬೇಡಿ, ಅಗತ್ಯ ನೋಡಿ. ಅಗತ್ಯವನ್ನು ನೋಡುವುದು ಹೇಗೆ ಎಂದು ಯಾರೋ ಕೇಳಿದಾಗ ಒಲೆಯ ವಿಚಾರ ಹೇಳಿದ್ದಳು. ಏಳು ದಿನವೆಂದರೆ ಎಷ್ಟು ಹೊತ್ತಿನ ಊಟ ಎಂದು ಅವಳ ಮನಸ್ಸು ತಾನಾಗಿ ಎಣಿಸತೊಡಗಿತು, ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಅದನ್ನು ನಿಲ್ಲಿಸಲು ನೋಡಿದಳು. ಅಷ್ಟರಲ್ಲಿ ಜೀಪು ದೊಡ್ಡ ರಸ್ತೆ ಬಿಟ್ಟು ಕೆಸರಿಗೆ ಇಳಿಯಿತು.

ಸ್ಕೂಲಿನ ಬಯಲಿನಲ್ಲಿ ಸಾಲು ಆಗಲೇ ನಿಂತಿತ್ತು. ಸಾಲನ್ನು ನಿಲ್ಲಿಸಿದ್ದವರು ಸೊಣ್ಣಪ್ಪ, ಎರಡು ಸಲ ಪಂಚಾಯ್ತಿ ಮೆಂಬರಾಗಿದ್ದವರು. ಈಗ ಯಾವ ಮೆಂಬರೂ ಅಲ್ಲ, ಆದರೂ ಊರಲ್ಲಿ ಏನು ಹಂಚಿದರೂ ಅವರು ನಿಲ್ಲದಿದ್ದರೆ ಹಂಚಿದಂತಲ್ಲ. ಹೆಗಲ ಮೇಲಿನ ಟವಲನ್ನು ಕೊಡವಿ, "ಬನ್ನಿ ತಾಯಿ, ಒಬ್ಬನೂ ಉಸಿರೆತ್ತಂಗಿಲ್ಲ, ಹಂಗೆ ನಿಲ್ಸಿದ್ದೀನಿ" ಎಂದು ರಜನಿಗೆ ಕೈಮುಗಿದರು. ಅವಳು ಸಾಲಿನ ಉದ್ದಕ್ಕೂ ನಡೆದು ಸರ್ವೆಯ ದಿನ ಕೊಟ್ಟಿದ್ದ ಚೀಟಿಯನ್ನು ಒಬ್ಬೊಬ್ಬರದಾಗಿ ನೋಡತೊಡಗಿದಳು. ಭಾನುವಾರ ಅವಳ ಹಿಂದೆ ನಗುತ್ತಾ ಬಂದಿದ್ದ ಮುಖಗಳೇ ಇವತ್ತು ತೀರ ಗಂಭೀರವಾಗಿದ್ದವು. ನಡುವೆ ಆಂಜಿನಮ್ಮ ನಿಂತಿದ್ದಳು, ಚಂದ್ರುವಿನ ಪಕ್ಕದ ಮನೆಯವಳು, ಅರವತ್ತರ ಹೆಂಗಸು, ಬಾಯಿತುಂಬ ಎಲೆಅಡಿಕೆ. ಅವಳ ಕೈಯಲ್ಲಿ ಎರಡು ಚೀಟಿಗಳಿದ್ದವು, ಒಂದು ತನ್ನದು, ಒಂದು ಮಗನದು.

"ಏಮ್ಮಾ, ಇವತ್ತೂ ಬೆರಳಿಡ್ತೀಯಾ?" ಎಂದು ಆಂಜಿನಮ್ಮ ನಕ್ಕಳು. ನಗು ತಡೆಯಲಾಗದೆ ರಜನಿಯ ಕಿವಿಯ ಹತ್ತಿರ ಬಗ್ಗಿದಳು. "ಚೀಲ ಲಾರಿಯಿಂದ ಇಳೀತಲ್ಲ, ಇನ್ನ ಹೇಳಿದ್ರೆ ತಪ್ಪಿಲ್ಲ ಕಣಮ್ಮ. ನಮ್ಮ ಹಿತ್ತಲೊಲೆ ಇದೆಯಲ್ಲ, ಅದು ಶನಿವಾರ ಹೂಡಿದ್ದು. ನೀನು ಬೂದಿ ಮುಟ್ಟಿ ನೋಡ್ತೀಯ ಅಂತ ಮೇಲಿನ ಬೀದಿಯಿಂದ ಸುದ್ದಿ ಬಂತು. ಒಳಗಿನ ಒಲೆಯಿಂದ ಒಂದು ಮೊರ ಕೆಂಡ ತಂದು ಸುರಿದೆ. ನೀನು ಬೆರಳಿಟ್ಟು 'ಸರಿ ಅಜ್ಜಿ' ಅಂದೆ!"

ರಜನಿಗೆ ನಗು ಬರಲಿಲ್ಲ. "ಪಕ್ಕದಲ್ಲಿ ಮುನಿಲಕ್ಷ್ಮಿ ಇದಾಳಲ್ಲಜ್ಜಿ. ಅವಳ ಒಲೆ?"

ಆಂಜಿನಮ್ಮನ ನಗು ನಿಂತಿತು. ಎಲೆಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತಳ್ಳಿದಳು. "ಅವಳದು ನಿಜವಾದ್ದೇ. ಕೆಂಡ ಕೊಡ್ತೀನಿ ತಗೊಳ್ಳೇ ಅಂತ ಕರೆದೆ. 'ಯಾಕತ್ತೆ, ನಂದೇನು ಸುಳ್ಳೊಲೆಯಾ?' ಅಂದ್ಲು. ಅವಳ ರಾಗಿ ನೀರಲ್ಲಿ ಹೋಯ್ತಮ್ಮ. ಒಲೆ ಒಣಗ್ಲಿ ಅಂತ ಒಂದು ಸಲ ತೆಂಗಿನ ಗರಿ ಉರಿಸಿದ್ದು ಬಿಟ್ರೆ ಗುರುವಾರದಿಂದ ಹಚ್ಚಿಲ್ಲ. ಮಕ್ಕಳಿಗೆ ನಾನೇ ಒಂದೊಂದು ಮುದ್ದೆ ಕೊಡ್ತೀನಿ, ಅವಳು ಮಾತ್ರ ಮುಟ್ಟಲ್ಲ."

"ಅಣ್ಣನ ಮನೇಲಿ?"

"ಅಣ್ಣನ ಮನೇಲಾ!" ಆಂಜಿನಮ್ಮ ಸಾಲಿನ ಮುಂದಕ್ಕೆ ಕಣ್ಣು ಹಾಯಿಸಿದಳು. ಅಲ್ಲಿ ಚಂದ್ರು ನಿಂತಿದ್ದ, ಪಕ್ಕದಲ್ಲಿ ಹೆಂಡತಿ ಅನಿತ. "ಆಷಾಢದಿಂದ ಮಾತಿಲ್ಲ ಕತೆಯಿಲ್ಲ. ಆ ಅನಿತ ಏನೋ ಅಂದ್ಲು, ಇವಳು ಇನ್ನ ನಿಮ್ಮ ಹೊಸಿಲು ತುಳಿಯಲ್ಲ ಅಂದ್ಲು. ಅವನು ನಡುವೆ ಕಲ್ಲು ನಿಂತಂಗೆ ನಿಂತ."

ರಜನಿ ಕುಡಿಯುವ ನೀರು ತರುತ್ತೇನೆಂದು ಅಮರನಾಥನಿಗೆ ಹೇಳಿ ಬಯಲು ದಾಟಿದಳು. ಸುಳ್ಳು ಹೇಳಲು ತಯಾರಿ ಬೇಕಿಲ್ಲವೆಂಬುದು ಅವಳಿಗೆ ಆಗಲೇ ತಿಳಿಯಿತು. ತಗ್ಗಿನ ಬೀದಿಯಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅವಳ ಬ್ಯಾಗಿನಲ್ಲಿ ಚಿತ್ರಾನ್ನದ ಡಬ್ಬಿ ನಡೆದಂತೆಲ್ಲ ಸೊಂಟಕ್ಕೆ ಬಡಿಯುತ್ತಿತ್ತು. ಹತ್ತು ವರ್ಷದವಳಿದ್ದಾಗ ಸ್ಕೂಲಿನಲ್ಲಿ "ಬಡಮಕ್ಕಳು ಕೈಯೆತ್ತಿ, ಬಟ್ಟೆ ಕೊಡ್ತೀವಿ" ಎಂದು ಮೇಷ್ಟ್ರು ಹೇಳಿದ್ದರು, ಅವಳು ಎತ್ತಲಿಲ್ಲ, ಮೇಷ್ಟ್ರು ಬಂದು ಅವಳ ಮೊಣಕೈ ಹಿಡಿದು ತಾವೇ ಎತ್ತಿದರು, ಒಳ್ಳೆಯ ಮನಸ್ಸಿನಿಂದಲೇ. ಅವತ್ತು ಸಿಕ್ಕ ಲಂಗದ ಬಣ್ಣ ಅವಳಿಗೆ ಈಗ ನೆನಪಿಲ್ಲ. ಮೇಷ್ಟ್ರ ಬೆರಳುಗಳ ಸೀಮೆಸುಣ್ಣದ ಒರಟು ನೆನಪಿದೆ. ಈಗ ತಾನು ಹೋಗುತ್ತಿರುವುದು ಯಾರ ಮೊಣಕೈ ಹಿಡಿಯಲು ಎಂದುಕೊಂಡಾಗ ಕಾಲು ನಿಧಾನವಾಯಿತು, ಆದರೂ ಶೆಡ್ಡು ಬಂದೇಬಿಟ್ಟಿತು.

ಮುನಿಲಕ್ಷ್ಮಿ ನೆನೆದ ಬಟ್ಟೆಗಳನ್ನು ತಗಡಿನ ಮೇಲೆ ಹರವುತ್ತಿದ್ದಳು. ದೊಡ್ಡ ಹುಡುಗಿ ಚಿಕ್ಕವಳ ತಲೆ ಬಾಚುತ್ತಿದ್ದಳು. ರಜನಿಯನ್ನು ಕಂಡು ಮುನಿಲಕ್ಷ್ಮಿ ಸೆರಗು ಸರಿಮಾಡಿಕೊಂಡಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು, ತುಟಿ ಒಣಗಿತ್ತು. ಭಾನುವಾರವೂ ಹಾಗೇ ಇದ್ದಿರಬೇಕು, ರಜನಿ ಅವತ್ತು ಮುಖ ನೋಡಿರಲಿಲ್ಲ, ಒಲೆ ನೋಡಿದ್ದಳು.

"ನಿನ್ನ ಒಲೆ ನಿಜವಾದ್ದು ಅಂತ ಗೊತ್ತಾಯ್ತು ಕಣಮ್ಮ. ನನ್ನದು ತಪ್ಪು. ಈಗ ಬಂದು ಒಂದು ದೂರು ಬರೆದುಕೊಡು. ನಾನೇ ಬರೀತೀನಿ, ನೀನು ಸೈನ್ ಹಾಕು ಸಾಕು."

"ದೂರಲ್ಲಿ ಏನಂತ ಬರೀತೀರಕ್ಕ?"

"ಬೇರೆ ಅಡುಗೆ ಮಾಡ್ಕೊಳ್ತೀನಿ, ಅಣ್ಣನ ಮನೇಲಿ ಊಟ ಮಾಡಲ್ಲ ಅಂತ."

"ಅದನ್ನ ಅಲ್ಲಿ ಎಲ್ರ ಮುಂದೆ ಓದ್ತೀರಲ್ವಾ?"

ಓದುತ್ತಿದ್ದರು. ದೂರನ್ನು ಬಹಿರಂಗವಾಗಿ ಓದಬೇಕು, ಗುಟ್ಟಿನಲ್ಲಿ ಏನೂ ಮಾಡಬಾರದು ಎನ್ನುವುದೂ ನಿಯಮವೇ.

"ಬೇಡಕ್ಕ" ಅಂದಳು ಮುನಿಲಕ್ಷ್ಮಿ. ದನಿ ಗಟ್ಟಿಯಾಗಿಯೇ ಇತ್ತು. "ಮನೆ ಹೆಣ್ಣುಮಗಳಿಗೆ ಒಂದು ಹಿಡಿ ಅನ್ನ ಹಾಕ್ಲಿಲ್ಲ ಅಂತ ನಾಳೆಯಿಂದ ಊರು ನಮ್ಮಣ್ಣನ ಮುಖಕ್ಕೆ ಉಗಿಯುತ್ತೆ. ಮಾರ್ಕೆಟ್ಟಲ್ಲೂ ಹೇಳ್ತಾರೆ. ನಾನು ಕೂತಿರೋದು ಅವನ ಜಾಗದಲ್ಲಿ. ಅವನ ಮಾನ ತೆಗೆದು ತಂದ ಅಕ್ಕೀನ ಈ ಜಾಗದಲ್ಲೇ ಹೆಂಗೆ ಬೇಯಿಸ್ಲಿ?"

"ಸ್ಕೂಲಿನ ಗಂಜಿ ನಿಂತಾಗಿನಿಂದ ಊಟ ಇಲ್ಲ ನಿಂಗೆ."

"ಯಾರು ಹೇಳಿದ್ದು? ಆಂಜಿನತ್ತೇನಾ? ಅವಳ ಮಾತು ಬಿಡಿ."

ರಜನಿಯ ಕೈ ತಾನಾಗಿ ಬ್ಯಾಗಿನೊಳಗೆ ಹೋಯಿತು. ಕೆಲಸದ ಮೇಲಿದ್ದಾಗ ಸ್ವಂತದ್ದೇನನ್ನೂ ಕೊಡಬಾರದು ಎಂಬ ನಿಯಮ ಡಬ್ಬಿ ಹೊರಗೆ ಬಂದ ಮೇಲೆ ನೆನಪಾಯಿತು. ಮುಚ್ಚಳ ತೆಗೆದು ದೊಡ್ಡ ಹುಡುಗಿಯ ಕಡೆ ಚಾಚಿದಳು. ಒಗ್ಗರಣೆಯ ವಾಸನೆ ಆ ಸಣ್ಣ ಜಾಗವನ್ನೆಲ್ಲ ತುಂಬಿಕೊಂಡಿತು. ಚಿಕ್ಕವಳ ಕೈ ಮುಂದೆ ಬಂದಿತ್ತು, ಅಕ್ಕ ಅದನ್ನು ಹಿಡಿದುಕೊಂಡಳು. ತಾಯಿಯ ಮುಖ ನೋಡಿದಳು, ಎಂಟು ವರ್ಷದವಳಿರಬಹುದು, ಆಮೇಲೆ ರಜನಿಯನ್ನು ನೋಡಿ ಬಹಳ ಮರ್ಯಾದೆಯಿಂದ, "ಹೊಟ್ಟೆ ತುಂಬಿದೆ ಆಂಟಿ" ಅಂದಳು. ರಜನಿಗೆ ಮುಚ್ಚಳ ಹಾಕಲು ಆಗಲಿಲ್ಲ. ಎರಡು ಸಲ ಜಾರಿತು. ಮುನಿಲಕ್ಷ್ಮಿಯೇ ಅದನ್ನು ತೆಗೆದುಕೊಂಡು ಒತ್ತಿ ಮುಚ್ಚಿ ವಾಪಸ್ಸು ಕೊಟ್ಟಳು.

ವಾಪಸ್ಸು ಬರುವ ದಾರಿಯಲ್ಲಿ ಅವಳಿಗೆ ಸಿಟ್ಟು ಬಂತು. ಮುನಿಲಕ್ಷ್ಮಿಯ ಮೇಲೆ ಬಂತು, ಮಾನ ಮಾನ ಎಂದು ಮಕ್ಕಳ ಹೊಟ್ಟೆ ಕಟ್ಟಿಸುವವಳ ಮೇಲೆ. ಆ ಸಿಟ್ಟು ನಾಲ್ಕು ಹೆಜ್ಜೆಯೂ ನಿಲ್ಲಲಿಲ್ಲ. ಚಂದ್ರುವಿನ ಮೇಲೆ ಬಂತು. ಅಮರನಾಥನ ಏಳು ದಿನಗಳ ಮೇಲೆ ಬಂತು. ಎಲ್ಲ ಸುತ್ತಿ ಬಂದು ಕೊನೆಗೆ ತನ್ನ ಎರಡು ಬೆರಳುಗಳ ಮೇಲೆ ನಿಂತಿತು. ಇವಳು ಬಾಯಿ ಬಿಡುವುದಿಲ್ಲ, ಬಿಟ್ಟರೆ ಅಣ್ಣನ ಮಾನ ಹೋಗುತ್ತದೆ. ತಾನು ನಿಜ ಹೇಳಿದರೂ ಅದೇ ಆಗುತ್ತದೆ: ಆ ಒಲೆ ಯಾಕೆ ತಣ್ಣಗಿತ್ತು ಎಂದು ಹೇಳದೆ ಅದನ್ನು ನಿಜವಾದ ಒಲೆಯೆಂದು ಹೇಳುವುದು ಹೇಗೆ? ನಿಜಕ್ಕೆ ಇಲ್ಲಿ ದಾರಿಯೇ ಇರಲಿಲ್ಲ.

ಹಂಚುವುದು ಶುರುವಾಗಿತ್ತು. ರಜನಿ ಮೇಜಿನ ಹಿಂದೆ ಕೂತು ಹೆಸರು ಕರೆಯತೊಡಗಿದಳು. ಚೀಟಿ, ಸಹಿ, ಚೀಲ. ಚೀಟಿ, ಹೆಬ್ಬೆಟ್ಟು, ಚೀಲ. ಗೀಟು ಎಳೆಸಿಕೊಂಡ ಆರು ಮನೆಯವರು ಬೇವಿನ ಮರದ ಕೆಳಗೆ ಬೇರೆಯಾಗಿ ನಿಂತು ನೋಡುತ್ತಿದ್ದರು. ಅವರಲ್ಲಿ ಒಬ್ಬ, ಕಲ್ಲು ಒಡೆಯುವ ಗಟ್ಟಿ ಆಳು, ಸಾಲು ಒಂದು ಹೆಜ್ಜೆ ಮುಂದೆ ಬಂದಂತೆಲ್ಲ ತಾನೂ ಒಂದು ಹೆಜ್ಜೆ ಲಾರಿಯ ಕಡೆ ಬರುತ್ತಿದ್ದ. ಅಮರನಾಥನ ಕಣ್ಣು ಅವನ ಮೇಲೇ ಇತ್ತು. ಮೂವತ್ತೊಂಬತ್ತನೆಯ ಹೆಸರು ಚಂದ್ರುವಿನದು. ಅವನು ಮುಂದೆ ಬಂದು ಚೀಟಿಯನ್ನು ಮೇಜಿನ ಮೇಲಿಟ್ಟ. ಕ್ರೇಟು ಹಿಡಿದು ಹಿಡಿದು ಬೆರಳ ಗಿಣ್ಣುಗಳು ದಪ್ಪಗಾಗಿದ್ದವು. ಅವನು ತಲೆಯೆತ್ತಲಿಲ್ಲ. ಅನಿತ ಚೀಲದ ಮೇಲಿನ ಕಂಬಳಿಯ ಬಣ್ಣ ನೋಡುತ್ತಿದ್ದಳು. ರಜನಿ ಪೆನ್ನು ಕೆಳಗಿಟ್ಟು ಎದ್ದು ನಿಂತಳು. ಮಾತು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

"ಚಂದ್ರು ಅವರೇ, ನಿಮ್ಮ ವಿಷಯದಲ್ಲಿ ನನ್ನಿಂದ ಒಂದು ತಪ್ಪಾಗಿದೆ. ಭಾನುವಾರ ಸಾಯಂಕಾಲ ನೀವು ನಂಗೆ ಫೋನ್ ಮಾಡಿದ್ರಿ. ತಂಗೀದು ಬೇರೆ ಒಲೆ, ಅವಳ ಹೆಸರು ಬಿಡಬೇಡಿ ಅಂತ ಎರಡು ಸಲ ಹೇಳಿದ್ರಿ. ನಾನು ಆಯ್ತು ಅಂದು ಪಟ್ಟೀಲಿ ತಿದ್ದೋದನ್ನ ಮರೆತೆ. ತಪ್ಪು ನಂದು."

ಚಂದ್ರು ತಲೆಯೆತ್ತಿದ. ಅವನ ಮುಖದಲ್ಲಿ ಮೊದಲು ಏನೂ ಇರಲಿಲ್ಲ, ಕೇಳಿಸದವನ ಮುಖ. ಅನಿತ ಗಕ್ಕನೆ ಗಂಡನ ಕಡೆ ತಿರುಗಿದಳು. ಸಾಲಿನವರ ಕಣ್ಣೆಲ್ಲ ಅವನ ಮೇಲೆ. ಅವನು ಇಲ್ಲವೆಂದರೆ ಮುಗಿಯಿತು. ಊರಿನ ಮುಂದೆ ಸುಳ್ಳುಗಾತಿಯಾಗಿ ನಿಲ್ಲುವವಳು ರಜನಿ, ಬೇವಿನ ಮರದ ಕೆಳಗಿನವರು ಲಾರಿಗೆ ಬರುತ್ತಾರೆ, ಮುನಿಲಕ್ಷ್ಮಿ ಶೆಡ್ಡಿನಲ್ಲೂ ಉಳಿಯುವುದಿಲ್ಲ. ಇಷ್ಟನ್ನೂ ಅವನ ಬಾಯಿಗೆ ಹಾಕಿಬಿಟ್ಟೆನಲ್ಲ ಎಂದು ಅವಳಿಗೆ ಆಗಷ್ಟೇ ಹೊಳೆಯಿತು.

"ಏನ್ಲಾ ಚಂದ್ರು," ಸೊಣ್ಣಪ್ಪ ಮುಂದೆ ಬಂದರು. "ಫೋನ್ ಮಾಡಿದ್ದೇನ್ಲಾ?"

ಚಂದ್ರು ರಜನಿಯನ್ನು ನೋಡಿದ. "ಹೂಂ," ಅಂದ. ಯಾರಿಗೂ ಕೇಳಿಸಲಿಲ್ಲವೆಂದು ಗೊತ್ತಾಗಿ ಮತ್ತೆ, "ಹೂಂ, ಮಾಡಿದ್ದೆ" ಅಂದ.

"ನೋಡಿ ತಾಯಿ!" ಸೊಣ್ಣಪ್ಪನ ಟವಲು ಹೆಗಲಿನಿಂದ ಕೈಗೆ ಬಂತು. "ಒಡಹುಟ್ಟಿದೋನು ಬಾಯಿಬಿಟ್ಟು ಹೇಳಿದ್ದಾನೆ, ಅದನ್ನ ಬರ್ಕೊಳ್ಳಕ್ಕೆ ಆಗ್ಲಿಲ್ಲ ನಿಮಗೆ. ಊರೋರ ಒಲೇಲಿ ಮಾತ್ರ ಬೆರಳಾಡಿಸ್ತೀರ. ಓದಿದೋರಲ್ವಾ ನೀವು?" ಸಾಲಿನಲ್ಲಿ ಯಾರೋ ನಕ್ಕರು. ಭಾನುವಾರದ ನಗುವೇ, ಈಗ ಈ ಕಡೆ ತಿರುಗಿತ್ತು. ಒಬ್ಬಳು, "ಮೇಡಂಗೆ ಲೆಕ್ಕ ಬರಲ್ಲ" ಅಂದಳು. ಆಂಜಿನಮ್ಮ ಮಾತ್ರ ನಗಲಿಲ್ಲ. ಅವಳು ಬಾಯಿ ತೆರೆದು ಚಂದ್ರುವನ್ನೂ ರಜನಿಯನ್ನೂ ನೋಡಿ, ಏನೋ ಅರ್ಥವಾದವಳಂತೆ, ಬಾಯಿ ಮುಚ್ಚಿಕೊಂಡಳು. ಕಲ್ಲು ಒಡೆಯುವವನು ಲಾರಿಯ ಹತ್ತಿರದಿಂದ, "ನಾನೂ ಹೇಳಿದ್ದೆ, ನಂದೂ ಬರ್ಕೊಳ್ಳಿ!" ಎಂದು ಕೂಗಿದ. ಸೊಣ್ಣಪ್ಪ ತಿರುಗಿ, "ಲೇ, ನಿನ್ನ ಒಲೇಲಿ ಕೋಳಿ ಮೊಟ್ಟೆ ಇಟ್ಟಿತ್ತಲ್ಲೋ" ಅಂದರು. ಬಯಲೆಲ್ಲ ನಕ್ಕಿತು, ಕಲ್ಲು ಒಡೆಯುವವನೂ ಕೊನೆಗೆ ನಕ್ಕು ಮರದ ಕೆಳಗೆ ಹೋದ.

ಅಮರನಾಥ್ ಮೇಜಿನ ಪಕ್ಕಕ್ಕೆ ಬಂದಿದ್ದ. ರಜನಿ ತಾನಾಗಿಯೇ ಫೋನಿಗೆ ಕೈಹಾಕಿದಳು. ಅವನು ತೋರಿಸು ಎಂದರೆ ತೋರಿಸಲು ಅದರಲ್ಲಿ ಏನೂ ಇರಲಿಲ್ಲ. ಜೀಪಿನಲ್ಲಿ ತಾನು ಆಡಿದ ಮಾತು ಅವನಿಗೆ ನೆನಪಿದೆಯೆಂದು ಅವನ ಮುಖವೇ ಹೇಳುತ್ತಿತ್ತು. ಫೋನಿನ ವಿಷಯ ಅದರಲ್ಲಿ ಇರಲಿಲ್ಲವೆಂದೂ ನೆನಪಿತ್ತು. ಅವನು ಕೈ ಚಾಚಿದ. ಫೋನನ್ನಲ್ಲ, ಪೆನ್ನನ್ನು ತೆಗೆದುಕೊಂಡ. ಒಂದು ಹಾಳೆಯ ಮೇಲೆ ನಾಲ್ಕು ಸಾಲು ಬರೆದು ಅವಳ ಮುಂದೆ ತಳ್ಳಿದ. "ಯಜಮಾನರು ತಿಳಿಸಿದ್ದರೂ ನನ್ನ ಅಜಾಗರೂಕತೆಯಿಂದ ಹೆಸರು ಬಿಟ್ಟುಹೋಗಿರುತ್ತದೆ" ಎಂದಿತ್ತು ಅದರಲ್ಲಿ. ಅವಳು ಸಹಿ ಹಾಕಿದಳು. "ಮಾರ್ಚಿಗೆ ನಿಮ್ಮ ಕಾಂಟ್ರಾಕ್ಟು ಮುಗಿಯುತ್ತಲ್ವಾ?" ಎಂದ ಅವನು, ಮೆಲ್ಲಗೆ. "ಈ ಹಾಳೆ ಫೈಲಲ್ಲಿರುತ್ತೆ ರಜನಿ." ಆಮೇಲೆ ಲಾರಿಯ ಕಡೆ ತಿರುಗಿ ಎಂಬತ್ತೈದನೆಯ ಚೀಲ ಇಳಿಸಲು ಹೇಳಿದ.

ಚಂದ್ರು ಎರಡು ಚೀಲವನ್ನೂ ಒಂದೊಂದು ಹೆಗಲಿಗೆ ಏರಿಸಿಕೊಂಡ. ಕ್ರೇಟು ಹೊತ್ತ ಹೆಗಲು, ಭಾರ ಅವನಿಗೇನೂ ಅನ್ನಿಸಿದಂತೆ ಕಾಣಲಿಲ್ಲ. ಸಾಲಿನ ಪಕ್ಕದಲ್ಲಿ ನಡೆದುಹೋಗುವಾಗ ಒಬ್ಬಿಬ್ಬರು, "ಒಳ್ಳೇದಾಯ್ತು ಬಿಡಪ್ಪ" ಎಂದು ಬೆನ್ನು ತಟ್ಟಿದರು. ಅನಿತ ಹತ್ತು ಹೆಜ್ಜೆ ಹಿಂದೆ ಬಿರಬಿರನೆ ಹೋದಳು. ಅವನು ರಜನಿಯ ಕಡೆ ತಿರುಗಿ ನೋಡಲಿಲ್ಲ.

ಮೂರು ಗಂಟೆಗೆ ಎಲ್ಲ ಮುಗಿದು, ಫೈಲು ಕಟ್ಟಿ, ಅವಳು ಜೀಪಿನ ಹತ್ತಿರ ನಿಂತಿದ್ದಾಗ ಮುನಿಲಕ್ಷ್ಮಿ ಬಯಲು ದಾಟಿ ಓಡಿಬಂದಳು. ಏದುಸಿರು ಬಿಡುತ್ತಿದ್ದಳು. ಬೈಯಲು ಬಂದಿದ್ದಾಳೆಂದು ರಜನಿ ಅಂದುಕೊಂಡಳು. ಬೈದರೆ ಬೈಸಿಕೊಳ್ಳಬೇಕೆಂದು, ಬೈದರೆ ಒಳ್ಳೆಯದೆಂದೂ ಅನ್ನಿಸಿತು.

"ಅಣ್ಣ ಚೀಲ ತಂದು ಬಾಗಿಲಲ್ಲಿಟ್ಟು ಹೋದ ಅಕ್ಕ. ಏನೂ ಮಾತಾಡ್ಲಿಲ್ಲ. ಆಂಜಿನತ್ತೆ ಬಂದು ಹೇಳಿದ್ಲು, ಅವನು ನಿಮಗೆ ಫೋನ್ ಮಾಡಿದ್ನಂತೆ. ನಿಜವಾಗ್ಲೂ ಮಾಡಿದ್ನಾ?"

ರಜನಿ ಅವಳ ಮುಖ ನೋಡಿದಳು. ಬೆಳಿಗ್ಗೆಯ ಗಟ್ಟಿತನ ಅದರಲ್ಲಿ ಇರಲಿಲ್ಲ. ಅಕ್ಕಿ ಬೇಡವೆಂದವಳು ಇದೊಂದನ್ನು ಬೇಡಲು ಅಷ್ಟು ದೂರ ಓಡಿ ಬಂದಿದ್ದಳು. ಇವಳಿಗೊಬ್ಬಳಿಗಾದರೂ ನಿಜ ಹೇಳಬೇಕೆಂದು ರಜನಿ ಚೀಲ ಹಂಚಿದಷ್ಟು ಹೊತ್ತೂ ಅಂದುಕೊಂಡಿದ್ದಳು.

"ಹೂಂ, ಮಾಡಿದ್ದ."

"ಏನಂದ?"

ಜೀಪಿನೊಳಗೆ ಅಮರನಾಥ್ ಫೋನು ನೋಡುವುದನ್ನು ನಿಲ್ಲಿಸಿದ್ದ. ರಜನಿಗೆ ಚಂದ್ರುವಿನ ದನಿಯೇ ಸರಿಯಾಗಿ ಗೊತ್ತಿರಲಿಲ್ಲ, ಅವನ ಬಾಯಿಂದ ಕೇಳಿದ್ದು ಎರಡು ಮಾತು. "'ನಮ್ಮ ತಂಗಿ ಬಾಯಿಬಿಟ್ಟು ಕೇಳೋಳಲ್ಲ ಮೇಡಂ, ನೀವೇ ನೋಡಿ ಬರ್ಕೊಳ್ಳಿ' ಅಂದ."

"ಹಂಗಂದ್ನಾ?" ಮುನಿಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿತ್ತು. "ಗೊತ್ತು ಅವನಿಗೆ. ಚಿಕ್ಕೋಳಿದ್ದಾಗಿಂದ ನಾನು ಹಂಗೇ. ಮಾತಾಡ್ದಿದ್ರೂ ಒಳಗೆ ಇಟ್ಕೊಂಡಿದ್ದಾನೆ ನೋಡಿ." ಮೂಗು ಒರೆಸಿಕೊಂಡು ನಕ್ಕಳು. "ಈಗಲೇ ಹೋಗಿ ಒಲೆ ಹಚ್ತೀನಿ ಅಕ್ಕ. ಮುದ್ದೆ, ಬೇಳೆಸಾರು. ಅವನ ಹೊಸಿಲಿಗೆ ನಾನೇ ಹೋಗಿ ಊಟಕ್ಕೆ ಬಾ ಅಂತ ಕರೀತೀನಿ. ಬರ್ತಾನಲ್ವಾ?"

ಬೇಡ, ಕರೆಯಬೇಡ, ಸ್ವಲ್ಪ ದಿನ ತಡಿ ಎನ್ನಬೇಕೆಂದು ರಜನಿಗೆ ನಾಲಿಗೆಯ ತುದಿಯವರೆಗೂ ಬಂತು. ಡ್ರೈವರು ಜೀಪು ಸ್ಟಾರ್ಟು ಮಾಡಿದ.

"ಬರ್ತಾನೆ, ಕರಿ" ಅಂದಳು.